ಲಿಲಾಂಗ್ವೆಯಲ್ಲಿ ಐದು ದಿನದ ತರಬೇತಿ: ಪ್ಲಗ್ಗು, ಭತ್ಯೆ, ಬ್ಯಾಂಕ್ ತಾಳೆ

ಇದು ಮಲಾವಿ ರಾಜಧಾನಿ ಲಿಲಾಂಗ್ವೆ. ಜಿಲ್ಲಾ ಕೌನ್ಸಿಲ್‌ಗಳ ಲೆಕ್ಕಿಗರಿಗೆ ಐದು ದಿನದ ಕೋರ್ಸು. ಕುರ್ಚಿ, ಬ್ಯಾನರು ಈ ವಿಡಿಯೋದಲ್ಲಿ ನೀವೇ ನೋಡ್ತಿದ್ದೀರಿ, ಬಿಡಿ.

ಈ ಸಾಕೆಟ್ ನೋಡಿ. ಚಪ್ಪಟೆ ಮೂರು ಪಿನ್ನಿಂದು, ಬ್ರಿಟಿಷರ 13 ಆಂಪಿಯರ್. ನಮ್ಮ ದುಂಡು ಪಿನ್ನು ಹೋಗಲ್ಲ. ತಮಾಷೆ ಏನಂದ್ರೆ, ದಕ್ಷಿಣ ಆಫ್ರಿಕಾದ ಹಳೇ ಸಾಕೆಟ್‌ಗೆ ನಮ್ಮ ಗೀಸರ್ ಪ್ಲಗ್ ಸಲೀಸಾಗಿ ಕೂರುತ್ತೆ. ಇಲ್ಲಿ ಅಡಾಪ್ಟರ್ ಬೇಕೇ ಬೇಕು.

ಸರಿ, ಭತ್ಯೆ. ತಲೆನೋವು ಅಂದ್ರೆ ಇದೇ. ಸಂಬಳ ಕಮ್ಮಿ, ಹೊರಗೆ ತಂಗಿದ ರಾತ್ರಿಯ ದುಡ್ಡು ಸೇರಿದ್ರೇ ತಿಂಗಳು ಸಾಗೋದು. ಹಾಗಾಗಿ ಕೋರ್ಸಿಗೆ ಕರೆಯೋ ಪತ್ರದಲ್ಲಿ "ಒಬ್ಬರನ್ನ ಕಳಿಸಿ" ಅಂತ ಬರೆದ್ರೆ ಸಾಹೇಬ್ರೇ ಬರ್ತಾರೆ, ಕ್ಯಾಶ್ ಬುಕ್ ಬರೆಯೋ ಗುಮಾಸ್ತ ಊರಲ್ಲೇ ಉಳೀತಾನೆ. ಪತ್ರದಲ್ಲಿ ಹೀಗೆ ಬರೀರಿ: ಹೋದ ತಿಂಗಳ ತಾಳೆಪಟ್ಟಿ (ಕ್ಯಾಶ್ ಬುಕ್ಕನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಹೋಲಿಸಿ ಬರೆದ ಪಟ್ಟಿ) ತಯಾರಿಸಿದವರೇ ಬರಬೇಕು, ಆ ಪಟ್ಟಿನೂ ತರಬೇಕು. ಪಟ್ಟಿ ಇಲ್ಲದವರು ಅಲ್ಲೇ ಸಿಕ್ಕಿಬೀಳ್ತಾರೆ. ನನ್ನ ಕೇಳಿದ್ರೆ ಭತ್ಯೆನೇ ರದ್ದು ಮಾಡಬೇಕು. ಊಹೂಂ, ಬೇಡ. ಉತ್ತರದ ತುದಿ ಕರೋಂಗಾದಿಂದ ಬಸ್ಸಲ್ಲಿ ಬರೋರು ಜೇಬಿಂದ ಹಾಕ್ಕೋಬೇಕಾ? ಕೊಡಿ, ಆದ್ರೆ ಮೊಬೈಲ್ ಹಣದಲ್ಲಿ ಕೊಡಿ. ಸಿಮ್ ಯಾರ ಹೆಸರಲ್ಲಿದೆ ಅಂತ ಮೊದಲ ದಿನವೇ ನೋಡ್ಕೊಳ್ಳಿ. ಹೆಂಡತಿ ಹೆಸರಿನ ಸಿಮ್ಮಾದ್ರೆ ಸಹಿ ಪಟ್ಟಿಗೂ ಪಾವತಿಗೂ ಹೊಂದಲ್ಲ, ಆಡಿಟ್‌ನಲ್ಲಿ ಆಕ್ಷೇಪ ಗ್ಯಾರಂಟಿ.

ಪಾಠಕ್ಕೆ ಬರೋಣ. 2013ರ ಕ್ಯಾಶ್‌ಗೇಟ್ ಹಗರಣ ಆಗಿದ್ದು ಇಲ್ಲೇ. ಕೊಡದ ಸಾಮಾನಿಗೆ ಪಾವತಿ, ಆಮೇಲೆ ಸರ್ಕಾರದ ಲೆಕ್ಕದ ಸಾಫ್ಟ್‌ವೇರ್‌ನಿಂದ ಎಂಟ್ರಿನೇ ಮಾಯ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಸುಮಾರು 1,360 ಕೋಟಿ ಕ್ವಾಚಾ (ಇಲ್ಲಿನ ದುಡ್ಡು) ಹೋಯ್ತು, ದಾನಿ ದೇಶಗಳು ಬಜೆಟ್ ನೆರವು ತಡೆದ್ವು. ಆದ್ರೆ ಬ್ಯಾಂಕಿನ ಸ್ಟೇಟ್‌ಮೆಂಟ್‌ನಲ್ಲಿರೋದನ್ನ ಕಚೇರಿಯಲ್ಲಿ ಕೂತು ಅಳಿಸಕ್ಕಾಗಲ್ಲ. ಅದಕ್ಕೇ ತಿಂಗಳು ತಿಂಗಳು ತಾಳೆ.

ಈ ಹಾಳೆಯಲ್ಲಿ 40 ಸಾಲಿದೆ, ಮೂರು ತಪ್ಪು ಬಚ್ಚಿಟ್ಟಿದೆ. 6,300 ಬದಲು 3,600 ಬರೆದಿದೆ. ವ್ಯತ್ಯಾಸ 2,700, ಒಂಬತ್ತರಿಂದ ಭಾಗ ಹೋಗುತ್ತೆ. ಹಾಗೆ ಹೋದ್ರೆ ಮೊದಲು ಅಂಕಿ ಅದಲುಬದಲಾಗಿದ್ಯಾ ನೋಡಿ. ಎರಡನೇದು ಬ್ಯಾಂಕ್ ಶುಲ್ಕ, ಕ್ಯಾಶ್ ಬುಕ್‌ಗೆ ಹತ್ತಿಸಿಲ್ಲ. ಮೂರನೇದು ಬ್ಯಾಂಕಲ್ಲಿ ಪಾಸಾದ ಚೆಕ್ಕು, ಪುಸ್ತಕದಲ್ಲಿ ಸುಳಿವೇ ಇಲ್ಲ. ಅಲ್ಲಿ ಪೆನ್ನು ಕೆಳಗಿಟ್ಟು ವೋಚರ್ ಕೇಳಬೇಕು. "ಹೊಂದಾಣಿಕೆ" ಅಂತ ಒಂದು ಸಾಲು ಸೇರಿಸಿ ಮುಂದೆ ಹೋಗಂಗಿಲ್ಲ.

ಅಯ್ಯೋ, ಟೀ ಬಂತು, ಶಾಟ್ ಮುಗೀತು. ಒಂದು ಮರೆತಿದ್ದೆ: ಇಲ್ಲೂ ಈಗ ಹಣಕಾಸು ವರ್ಷ ನಮ್ಮ ಹಾಗೇ ಏಪ್ರಿಲ್‌ನಿಂದ. ಮಾರ್ಚ್‌ನಲ್ಲಿ ಕೋರ್ಸ್ ಇಟ್ಕೋಬೇಡಿ, ಒಬ್ರೂ ಬರಲ್ಲ.