ಇಲಿಗೆ ಶುಗರ್ ಇಳಿದರೆ ನಮಗೂ ಇಳಿಯುತ್ತದಾ?

ಎಲ್ಲರಿಗೂ ನಮಸ್ಕಾರ. ಕೊಪ್ಪಳದಲ್ಲಿ ಶುಗರ್ ಬಗ್ಗೆ ಮಾತಾಡಲು ನಿಂತರೆ ಮೊದಲು ಬರುವ ಪ್ರಶ್ನೆ ‘ಸರ್, ಯಾವ ಎಲೆ ತಿನ್ನಬೇಕು?’ ಅಂತ. ನೇರಳೆ ಬೀಜ, ಹಾಗಲಕಾಯಿ ರಸ, ನೆನೆಸಿದ ಮೆಂತ್ಯ, ಮಧುನಾಶಿನಿ, ನಮ್ಮ ಬೀಳು ನೆಲದಲ್ಲಿ ಹಳದಿ ಹೂ ಬಿಡುವ ಆವರಿಕೆ, ಎಲ್ಲದರ ಹೆಸರೂ ಬರುತ್ತದೆ. ಇವನ್ನು ನಾನು ತಳ್ಳಿಹಾಕುವುದಿಲ್ಲ. ನಿಮ್ಮಲ್ಲಿ ಎಷ್ಟೋ ಜನ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲ ಹುಡುಕಿಕೊಂಡು ಹೋದರೂ ಯುರೋಪಿನ ಗಲೀಗಾ ಅನ್ನುವ ಗಿಡವೇ ಸಿಗುತ್ತದೆ. ಅದರಲ್ಲಿದ್ದ ಗ್ಯಾಲಿಜಿನ್ ಅನ್ನುವ ಅಂಶ ಶುಗರ್ ಇಳಿಸುತ್ತಿತ್ತು, ಆದರೆ ವಿಷವೂ ಆಗಿತ್ತು. ಅದೇ ಬಳಗದ ಮೆಟ್‌ಫಾರ್ಮಿನ್ ಲ್ಯಾಬಿನಲ್ಲಿ ತಯಾರಾಗಿದ್ದು 1922ರಲ್ಲಿ. ಸಕ್ಕರೆ ಕಾಯಿಲೆಯವರಿಗೆ ಕೊಟ್ಟು ನೋಡಿದ ವರದಿ ಬಂದಿದ್ದು 1957ರಲ್ಲಿ.

ಒಂದು ಎಲೆ ಶುಗರ್ ಇಳಿಸುತ್ತದಾ ಅಂತ ತಿಳಿಯಲು ಲ್ಯಾಬಿನಲ್ಲಿ ಏನು ಮಾಡುತ್ತಾರೆ ನೋಡಿ. ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ನೀರಲ್ಲೋ ಆಲ್ಕೋಹಾಲ್‌ನಲ್ಲೋ ಸಾರ ಇಳಿಸಿ, ಆ ದ್ರವವನ್ನು ಆವಿ ಮಾಡಿದರೆ ತಳದಲ್ಲಿ ಕಪ್ಪು ಹಸಿರಿನ ಅಂಟು ಉಳಿಯುತ್ತದೆ. ಇಲಿಗೆ ಸ್ಟ್ರೆಪ್ಟೊಜೋಟೊಸಿನ್ ಅನ್ನುವ ರಾಸಾಯನಿಕ ಚುಚ್ಚಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನೇ ಹಾಳು ಮಾಡುತ್ತಾರೆ. ಆಮೇಲೆ ಒಂದು ಗುಂಪಿಗೆ ಈ ಸಾರ, ಇನ್ನೊಂದಕ್ಕೆ ಶುಗರ್ ಇಳಿಸುವ ಗ್ಲಿಬೆನ್‌ಕ್ಲಮೈಡ್ ಮಾತ್ರೆಯ ಔಷಧ, ಮತ್ತೊಂದಕ್ಕೆ ಬರೀ ನೀರು. ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ಅಳೆಯುತ್ತಾರೆ. ಆದರೆ ನಮ್ಮಲ್ಲಿ ಬಹಳ ಜನರಿಗೆ ಇರುವುದು ಎರಡನೇ ಬಗೆಯ ಕಾಯಿಲೆ, ಅಲ್ವಾ? ಇನ್ಸುಲಿನ್ ಇರುತ್ತದೆ, ಮೈ ಅದರ ಮಾತು ಕೇಳುವುದಿಲ್ಲ. ಆ ಇಲಿಯ ಸ್ಥಿತಿಯೇ ಬೇರೆ, ನಮ್ಮದೇ ಬೇರೆ.

ಪ್ರಮಾಣದ ಲೆಕ್ಕವನ್ನಂತೂ ಯಾರೂ ಹೇಳುವುದಿಲ್ಲ. ಇಲಿಗೆ ಒಂದು ಕೆಜಿ ತೂಕಕ್ಕೆ 200 ಮಿಲಿಗ್ರಾಂ ಸಾರ ಕೊಟ್ಟರು ಅಂದುಕೊಳ್ಳಿ. ಮನುಷ್ಯನಿಗೆ ಹೊಂದಿಸಲು ಅದನ್ನು 6.2ರಿಂದ ಭಾಗಿಸುವುದು ರೂಢಿ, ಕೆಜಿಗೆ ಸುಮಾರು 32 ಮಿಲಿಗ್ರಾಂ ಆಯಿತು. 60 ಕೆಜಿ ತೂಕದವರಿಗೆ ಹತ್ತಿರಹತ್ತಿರ 2 ಗ್ರಾಂ ಸಾರ. 100 ಗ್ರಾಂ ಒಣ ಎಲೆಗೆ 10 ಗ್ರಾಂ ಸಾರ ಸಿಕ್ಕರೆ, ದಿನಕ್ಕೆ 20 ಗ್ರಾಂ ಒಣ ಎಲೆ ಬೇಕು. ನೀವು ಬೆಳಿಗ್ಗೆ ನೀರಿಗೆ ಹಾಕಿಕೊಳ್ಳುವುದು ಒಂದು ಚಿಟಿಕೆ. ಜಾಸ್ತಿ ತಿನ್ನೋಣ ಅಂದರೆ ಕಿಡ್ನಿ, ಲಿವರ್‌ಗೆ ಏನಾಗುತ್ತದೆ ಅಂತ ಮೊದಲು ನೋಡಿರಬೇಕು.

‘ಪುಡಿ ತಗೊಂಡೆ, ಶುಗರ್ ಇಳಿಯಿತು’ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅದೇ ವಾರ ಅವರು ಚಹಾಕ್ಕೆ ಸಕ್ಕರೆ ಬಿಟ್ಟಿರುತ್ತಾರೆ, ಸಂಜೆಯ ಮಿರ್ಚಿ ಮಂಡಕ್ಕಿ ನಿಲ್ಲಿಸಿರುತ್ತಾರೆ, ವಾಕಿಂಗ್ ಶುರು ಮಾಡಿರುತ್ತಾರೆ. ಇಳಿಸಿದ್ದು ಯಾವುದು? ಅದಕ್ಕೇ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಪುಡಿ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಸುಮ್ನೆ ಪುಡಿ ಕೊಟ್ಟು, ಸುಮಾರು ಮೂರು ತಿಂಗಳ ಶುಗರ್ ಸರಾಸರಿ ಹೇಳುವ ರಕ್ತ ಪರೀಕ್ಷೆ ಎಚ್‌ಬಿಎ1ಸಿ ನೋಡಬೇಕು.

ನನಗೆ ಭಯವಾಗುವುದು ಇನ್ನೊಂದು ವಿಷಯಕ್ಕೆ. ‘ಗಿಡಮೂಲಿಕೆ’ ಅಂತ ಮಾರಿದ ಕೆಲವು ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಔಷಧವನ್ನೇ ಕದ್ದು ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ. ಮಾತ್ರೆಯ ಜೊತೆ ಅದೂ ಸೇರಿದರೆ ಶುಗರ್ ಧಡಕ್ಕನೆ ಬೀಳುತ್ತದೆ. ಬೆವರು, ಕೈನಡುಕ, ಕಣ್ಣು ಮಂಜು, ಆಮೇಲೆ ಪ್ರಜ್ಞೆ ತಪ್ಪುವುದು. ಎಚ್ಚರ ಇದ್ದರೆ ತಕ್ಷಣ ಸಕ್ಕರೆ ನೀರು ಕುಡಿಸಿ, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ಸುಲಿನ್ ಮೇಲೆ ಇರುವ ಮಕ್ಕಳಿಗಂತೂ ಯಾವ ಎಲೆಯನ್ನೂ ನಂಬಿ ಇಂಜೆಕ್ಷನ್ ನಿಲ್ಲಿಸಬೇಡಿ, ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ. ಪುಡಿ ತಗೊಳ್ಳುತ್ತಿರುವವರು ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಆ ಪೊಟ್ಟಣವನ್ನೂ ತಗೊಂಡು ಹೋಗಿ ತೋರಿಸಿ. ಈಗ ನಿಮ್ಮ ಪ್ರಶ್ನೆ ಕೇಳಿ.