ರಂಜಕ ಕರಗಬೇಕಾದದ್ದು ಗೊಬ್ಬರದ ಗುಂಡಿಯಲ್ಲಿ

ಎಲ್ಲರಿಗೂ ಶರಣು ಶರಣಾರ್ಥಿ.

ಕಲಬುರಗಿಯ ಎರೆಹೊಲಕ್ಕೆ ವರ್ಷ ವರ್ಷವೂ ರಂಜಕ (ಫಾಸ್ಫರಸ್) ಕೊಡುವ ಡಿಎಪಿ, ಸೂಪರ್ ಫಾಸ್ಫೇಟ್ ಗೊಬ್ಬರ ಬೀಳುತ್ತಲೇ ಇರುತ್ತದೆ. ಆದರೆ ಈ ಮಣ್ಣಿನ ರಸಸಾರ (ಪಿಎಚ್) ಸಾಮಾನ್ಯವಾಗಿ 8ರ ಆಸುಪಾಸು, ಮೇಲಾಗಿ ಸುಣ್ಣದ ಹರಳು. ಕರಗಿದ ರಂಜಕ ಸುಣ್ಣದೊಡನೆ ಕೂಡಿ ಮತ್ತೆ ಕಲ್ಲಾಗುತ್ತದೆ. ಬೀದರಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಇದೇ ಕೆಲಸ ಕಬ್ಬಿಣದ್ದು. ಕಬ್ಬಿಣಕ್ಕೆ ಅಂಟಿದ ರಂಜಕವನ್ನು ತೊಗರಿಯ ಬೇರು ಪಿಸಿಡಿಕ್ ಆಮ್ಲ ಸುರಿಸಿ ಬಿಡಿಸಿಕೊಳ್ಳುತ್ತದೆ ಎಂದು ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲೇ ತೋರಿಸಿದ್ದಾರೆ. ಎರೆಹೊಲದ ಸುಣ್ಣದೆದುರು ಆ ಉಪಾಯ ಅಷ್ಟಾಗಿ ನಡೆಯದು.

ಅಗ್ಗವೆಂದು ಶಿಲಾರಂಜಕದ (ರಾಕ್ ಫಾಸ್ಫೇಟ್ ಕಲ್ಲಿನ) ಪುಡಿಯನ್ನು ಎರೆಹೊಲಕ್ಕೆ ನೇರವಾಗಿ ಚೆಲ್ಲಿದರೆ ಹಣ ದಂಡ. ಅದು ಕರಗಲು ಹುಳಿ ಬೇಕು. ಆ ಹುಳಿ ಅಡುಗೆಮನೆಯ ಕಸ ಕೊಳೆಯುವಾಗ ಹುಟ್ಟುತ್ತದೆ. ಆಸ್ಪರ್ಜಿಲಸ್ ಬೂಷ್ಟು, ಬ್ಯಾಸಿಲಸ್, ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾಗಳು ಸಿಟ್ರಿಕ್, ಆಕ್ಸಾಲಿಕ್, ಗ್ಲುಕಾನಿಕ್ ಆಮ್ಲ ಬಿಡುತ್ತವೆ; ಆಮ್ಲ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡಾಗ ರಂಜಕ ಬಿಡುಗಡೆಯಾಗುತ್ತದೆ.

ನಾಲ್ಕಾರು ಮನೆಯವರು ಕೂಡಿ 200 ಕಿಲೋ ಹಸಿಕಸಕ್ಕೆ ಒಣ ಎಲೆ, ಎರಡಿಂಚಿಗೆ ಕತ್ತರಿಸಿದ ತೊಗರಿ ಕಟ್ಟಿಗೆ ಎರಡೂ ಕೂಡಿ 80 ಕಿಲೋ ಸೇರಿಸಿ. ಇದರಲ್ಲಿ ಒಣ ಅಂಶ ಸುಮಾರು 115 ಕಿಲೋ. ಅದರ ಶೇಕಡಾ 5ರಷ್ಟು, ಅಂದರೆ 6 ಕಿಲೋ ಶಿಲಾರಂಜಕವನ್ನು ಮೊದಲ ದಿನವೇ ಪದರ ಪದರವಾಗಿ ಉದುರಿಸಿ. ರಾಶಿ ಮೂರಡಿ ಉದ್ದ, ಅಗಲ, ಎತ್ತರ ಇರಲಿ. ಚಿಕ್ಕದಾದರೆ ಕಾವು ಏರದು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ನಮ್ಮ ಬೇಸಿಗೆಯಲ್ಲಿ ನೆರಳಿಲ್ಲದೆ ಈ ತೇವ ನಿಲ್ಲದು.

ಹೆಚ್ಚಿನವರು ತಪ್ಪುವುದು ಪಿಎಸ್‌ಬಿ, ಅಂದರೆ ರಂಜಕ ಕರಗಿಸುವ ಬ್ಯಾಕ್ಟೀರಿಯಾದ ಪೊಟ್ಟಣ, ಹಾಕುವ ಹೊತ್ತಿನಲ್ಲಿ. ಮೊದಲ ವಾರಗಳಲ್ಲಿ ರಾಶಿಯ ಒಳಗೆ 55ರಿಂದ 65 ಡಿಗ್ರಿ ಕಾವಿರುತ್ತದೆ. ಆಗ ಪೊಟ್ಟಣ ಸುರಿದರೆ ಬಹುಪಾಲು ಬ್ಯಾಕ್ಟೀರಿಯಾ ಸಾಯುತ್ತವೆ. ಎರಡು ಮೂರು ಸಲ ಮಗುಚಿ, ಕೈಯಿಟ್ಟರೆ ಬಿಸಿ ಅನಿಸದಂತಾದ ಮೇಲೆ 300 ಗ್ರಾಂ ಪಿಎಸ್‌ಬಿಯನ್ನು ನೀರಿನಲ್ಲಿ ಕಲಸಿ ಚಿಮುಕಿಸಿ, ಇನ್ನೊಂದು ತಿಂಗಳು ಬಿಡಿ.

ಅಮೋನಿಯಾ ನಾತ ಹೊಡೆಯುವ ರಾಶಿಗೆ ಶಿಲಾರಂಜಕದ ಬದಲು ಎರಡೂವರೆ ಕಿಲೋ ಸಿಂಗಲ್ ಸೂಪರ್ ಫಾಸ್ಫೇಟ್ ಮೇಲು. ಅದರ ಆಮ್ಲೀಯ ಫಾಸ್ಫೇಟು, ಜಿಪ್ಸಂ ಸೇರಿ ಅಮೋನಿಯಾವನ್ನು ಹಿಡಿದಿಡುತ್ತವೆ, ಸಾರಜನಕ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಹಾಕಬೇಡಿ. ಸುಲಭವಾಗಿ ಸಿಗುವ ರಂಜಕ ಎದುರಿಗಿದ್ದರೆ ಅನೇಕ ಬ್ಯಾಕ್ಟೀರಿಯಾಗಳು ಆಮ್ಲ ಬಿಡುವುದನ್ನೇ ತಗ್ಗಿಸುತ್ತವೆ, ಕಲ್ಲುಪುಡಿ ಕಲ್ಲಾಗಿಯೇ ಉಳಿಯುತ್ತದೆ. ಒಲೆಯ ಬೂದಿ, ಸುಣ್ಣವಂತೂ ಬೇಡವೇ ಬೇಡ. ಇದ್ದ ಹುಳಿಯನ್ನೂ ಕೊಲ್ಲುತ್ತವೆ. ಡಿಎಪಿ ಹಾಕಿದರೆ ಅಮೋನಿಯಾ ಇನ್ನಷ್ಟು ಹಾರಿಹೋಗುತ್ತದೆ.

ಅರೆಬೆಂದ ಗೊಬ್ಬರ ಹೊಲ ಸೇರಕೂಡದು. ರಂಜಕದ ಒಂದು ಪಾಲಿಗೆ ಇಂಗಾಲ 300 ಪಾಲು ಮೀರಿದ್ದರೆ ಅಣುಜೀವಿಗಳು ರಂಜಕವನ್ನು ತಮ್ಮ ಮೈಗೇ ಕಟ್ಟಿಕೊಳ್ಳುತ್ತವೆ, ಸಸಿ ಕುಗ್ಗುತ್ತದೆ, ಎಲೆ ನೇರಳೆಗೆ ತಿರುಗುತ್ತದೆ. 200ಕ್ಕಿಂತ ಕೆಳಗಿಳಿದಾಗ, ಸತ್ತ ಅಣುಜೀವಿಗಳಿಂದಲೇ ಅದು ಬೆಳೆಗೆ ಮರಳುತ್ತದೆ. ಮೂರು ತಿಂಗಳಿಗೆ ಮಣ್ಣಿನ ವಾಸನೆ ಬಂದು, ಮಗುಚಿದರೂ ಕಾವೇಳದಿದ್ದರೆ ಪಕ್ವವಾಯಿತು.

ಹೊಲದ ತುಂಬ ಚೆಲ್ಲಿ ಹರಗಬೇಡಿ, ಅಷ್ಟೂ ಸುಣ್ಣಕ್ಕೆ ತಾಗುತ್ತದೆ. ಮುಂಗಾರು ಬಿತ್ತನೆಯಲ್ಲಿ ಬೀಜ ಬೀಳುವ ಸಾಲಿನಲ್ಲೇ ಗೊಬ್ಬರವನ್ನೂ ಬಿಡಿ.