ರಿಗ್ ಲಾರಿ ಬಂತು, ನೀರಿನ ಪಾಲು ಎಲ್ಲಿ ಹೋಯಿತು?

(ದೃಶ್ಯ: ಮುಳಬಾಗಿಲು ಕಡೆಯ ಹೊಲ, ರಾತ್ರಿ. ಬೋರ್‌ವೆಲ್ ಕೊರೆಯುವ ರಿಗ್ ಲಾರಿಯ ಸದ್ದು, ಕಲ್ಲಿನ ಧೂಳು.)

ನಮಸ್ಕಾರ. ಬೋರ್ ಕೊರೆಯುವ ಈ ಸದ್ದು ಕೋಲಾರದವರಿಗೆ ಚೆನ್ನಾಗಿ ಗೊತ್ತು. ಸಾವಿರ ಅಡಿ ದಾಟಿದೆ, ಇನ್ನೂ ಧೂಳೇ ಬರುತ್ತಿದೆ, ಆದರೂ ಹೊಲದವರು 'ಇನ್ನೊಂದು ನೂರಡಿ ಹೋಗಲಿ ಅಣ್ಣ' ಅಂತ ನಿಂತಿರುತ್ತಾರೆ. ಅಡಿ ಲೆಕ್ಕದಲ್ಲಿ ದುಡ್ಡು. ನೀರು ಸಿಗದಿದ್ದರೂ ಕೊಡಲೇಬೇಕು.

ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ, ಅದಕ್ಕೇ ಇಷ್ಟೊಂದು ಕೆರೆಗಳು. ಹಿಂದೆ ಕೆರೆಯ ತೂಬು ಎತ್ತಿ ನೀರು ಬಿಡುವುದು, ಯಾವ ಗದ್ದೆಗೆ ಯಾವಾಗ ನೀರು ಅಂತ ನೋಡಿಕೊಳ್ಳುವುದು ನೀರುಗಂಟಿಗಳ ಕೆಲಸವಾಗಿತ್ತು. ಸುಗ್ಗಿಯಲ್ಲಿ ಅವರಿಗೆ ಕಾಳು ಅಳೆದು ಕೊಡುತ್ತಿದ್ದರು. ನನಗೆ ತುಂಬಾ ಹಿಡಿಸಿದ್ದು ದಾಮಾಷಾ ಪದ್ಧತಿ. ಮಳೆ ಕೈಕೊಟ್ಟು ಕೆರೆ ಅರ್ಧವೇ ತುಂಬಿತು ಅನ್ನಿ, ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆ ನೀರು ಹರಿಯುವ ಗದ್ದೆಗಳಲ್ಲಿ, ಆ ನೀರಿಗೆ ತಕ್ಕಷ್ಟು ಜಾಗದಲ್ಲಿ ಮಾತ್ರ ಬೆಳೆ, ಆ ಜಾಗ ಯಾರದ್ದೇ ಆಗಿರಲಿ, ಆ ವರ್ಷದ ಮಟ್ಟಿಗೆ ಗದ್ದೆಯವರಿಗೆಲ್ಲ ಅದರಲ್ಲಿ ಪಾಲು! ಹಾಗಂತ ಆ ಕಾಲದಲ್ಲಿ ಎಲ್ಲ ಸರಿಯಿತ್ತು ಅಂತಲ್ಲ. ನೀರುಗಂಟಿಗಳಲ್ಲಿ ತುಂಬಾ ಜನ ದಲಿತರು. ನೀರು ಹಂಚುವವರನ್ನೇ ಊರು ದೂರ ಇಟ್ಟಿತ್ತು.

ಆಮೇಲೆ ಕರೆಂಟ್ ಪಂಪು ಬಂತು, ರಿಗ್ ಬಂತು. ಟೊಮೆಟೊ, ರೇಷ್ಮೆ, ಹಾಲು, ಇವುಗಳಿಂದ ಎಷ್ಟೋ ಮನೆಗಳು ಎದ್ದು ನಿಂತವು. ಬೋರ್‌ವೆಲ್ ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ. ಆದರೆ ರಿಗ್ ಜೊತೆಗೆ ಹಂಚುವ ಲೆಕ್ಕ ಬರಲಿಲ್ಲ, ಅಲ್ವಾ? ಯಾರ ಹೊಲದಲ್ಲಿ ಕೊರೆದರೋ ನೀರು ಅವರದ್ದು. ಪಕ್ಕದವರು ಇನ್ನೂ ಆಳಕ್ಕೆ ಹೋದರೆ ನಿಮ್ಮದು ಒಣಗುತ್ತದೆ, ನೀವು ಸಾಲ ಮಾಡಿ ಅವರಿಗಿಂತ ಆಳಕ್ಕೆ ಹೋಗುತ್ತೀರಿ. ಮೊದಲು ಬತ್ತಿದ್ದು ಸಣ್ಣ ರೈತರ ತೆರೆದ ಬಾವಿ. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಅದು ರೈತರಿಗೆ ಬೇಕಾದದ್ದೇ, ಆದರೆ ಎಷ್ಟು ನೀರು ಎತ್ತಿದೆವು ಅಂತ ನೆನಪಿಸುವ ಬಿಲ್ ಕೂಡ ಇಲ್ಲ. ಆಳದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಬೋರ್ ಕೊರೆಸದವರ ಮನೆ ಮಕ್ಕಳ ಹಲ್ಲಿನಲ್ಲೂ ಅದರ ಕಲೆ ಕಾಣುತ್ತದೆ.

(ದೃಶ್ಯ: ತುಂಬಿದ ಲಕ್ಷ್ಮೀಸಾಗರ ಕೆರೆ.)

2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಬಿಟ್ಟರು. ಇದು ಅಂತರ್ಜಲ ಹೆಚ್ಚಿಸಲು ಮಾತ್ರ, ಕೆರೆಯಿಂದ ನೇರವಾಗಿ ಬಳಸುವ ಹಾಗಿಲ್ಲ. ಸುತ್ತಲ ಬೋರ್‌ಗಳಲ್ಲಿ ನೀರು ಮೇಲೆ ಬಂತು. ಈ ಕೆರೆಗೆ ನೀರು ತರಿಸಿದ್ದು ಸರ್ಕಾರದ ದುಡ್ಡು, ಅಂದರೆ ನಮ್ಮೆಲ್ಲರದ್ದು. ಆದರೆ ಎತ್ತುತ್ತಿರುವವರು ಮೋಟರ್ ಇದ್ದವರು.

ಹೊಸ ಬೋರ್ ಕೊರೆಸುವ ಮೊದಲು ಗ್ರಾಮಸಭೆಯಲ್ಲಿ ಒಮ್ಮೆ ಕುಳಿತು ಊರಿನ ಬೋರ್‌ಗಳ ನೀರಿನ ಮಟ್ಟ ಅಳೆದು ಬರೆದಿಡಿ, ಈ ಬೇಸಿಗೆಗೆ ಎಷ್ಟು ಎಕರೆ ಟೊಮೆಟೊ ಸಾಕು ಅಂತ ಸೇರಿ ಮಾತಾಡಿ. ನಿಮ್ಮೂರಿನಲ್ಲಿ ವಯಸ್ಸಾದ ನೀರುಗಂಟಿ ಯಾರಾದರೂ ಇದ್ದರೆ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಕಡಿಮೆ ನೀರನ್ನು ಹಂಚುವ ಲೆಕ್ಕ ಅವರಿಗೆ ಗೊತ್ತು.